ಗ್ರಾಫೈಟ್ ಆಗಲೊಲ್ಲದ ಇದ್ದಿಲು

ಡಿಎನ್‌ಎ ಚಿತ್ರದಿಂದ ಹೆಸರಾಗುವ ಮುನ್ನ ರೋಸಲಿಂಡ್ ಫ್ರಾಂಕ್ಲಿನ್ ತಲೆಕೆಡಿಸಿಕೊಂಡಿದ್ದು ಇದ್ದಿಲಿನ ಬಗ್ಗೆ. ಕೆಲವು ಇಂಗಾಲಗಳು ಚೆನ್ನಾಗಿ ಕಾದರೆ ಗ್ರಾಫೈಟ್ ಆಗುತ್ತವೆ, ಸಕ್ಕರೆಯ ಇದ್ದಿಲಿನಂಥವು 3000 ಡಿಗ್ರಿಗೂ ಜಗ್ಗುವುದಿಲ್ಲ ಎಂದು 1951ರಲ್ಲಿ ಅವರು ತೋರಿಸಿದರು. ಆ ಹಟಮಾರಿ ಇಂಗಾಲವೇ ಈಗ ಸೋಡಿಯಂ ಬ್ಯಾಟರಿಯ ಋಣಧ್ರುವ.

ಲಿಥಿಯಂ ಬ್ಯಾಟರಿಗೆ ಗ್ರಾಫೈಟ್ ಸಾಕು. ಒಂದು ಗ್ರಾಂ ಗ್ರಾಫೈಟ್ 372 ಮಿಲಿಆಂಪಿಯರ್-ಗಂಟೆಯಷ್ಟು ಲಿಥಿಯಂ ಹಿಡಿದಿಡಬಲ್ಲದು. ಸೋಡಿಯಂ ಮಾತ್ರ ಅದರೊಳಗೆ ನಿಲ್ಲುವುದಿಲ್ಲ. ಸೋಡಿಯಂ ಅಯಾನು ದೊಡ್ಡದು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಆದರೆ ಅದಕ್ಕಿಂತ ದೊಡ್ಡದಾದ ಪೊಟ್ಯಾಸಿಯಂ ಅದೇ ಗ್ರಾಫೈಟಿನೊಳಗೆ ಸಲೀಸಾಗಿ ಸೇರುತ್ತದೆ! ಸೋಡಿಯಂಗೂ ಗ್ರಾಫೈಟಿಗೂ ನಂಟು ದುರ್ಬಲ ಎನ್ನುವುದೇ ಸರಿಯಾದ ವಿವರಣೆ.

ಸಸ್ಯದಿಂದ ಮಾಡಿದ ಇಂಗಾಲದ ಕಥೆ ಬೇರೆ. ಸೆಲ್ಯುಲೋಸ್, ಲಿಗ್ನಿನ್‌ಗಳು ಕಾಯಿಸಿದಾಗ ಕರಗಿ ಹರಿಯುವುದಿಲ್ಲ. ಹಾಗಾಗಿ ಇಂಗಾಲದ ಹಾಳೆಗಳು ಸಾಲಾಗಿ ಜೋಡಣೆಗೊಳ್ಳುವ ಮೊದಲೇ ಅಡ್ಡಾದಿಡ್ಡಿಯಾಗಿ ಬಿಗಿದುಕೊಂಡು ನಡುವೆ ಪುಟ್ಟ ಪೊಳ್ಳುಗಳು ಉಳಿಯುತ್ತವೆ. ಕೆನಡಾದ ಸ್ಟೀವನ್ಸ್ ಮತ್ತು ಡಾನ್ 2000ದಲ್ಲಿ ಗ್ಲೂಕೋಸನ್ನು ಕರಿಕಾಗಿಸಿ ಇಂಥ ಇಂಗಾಲ ಮಾಡಿ, ಗ್ರಾಂಗೆ ಸುಮಾರು 300 ಮಿಲಿಆಂಪಿಯರ್-ಗಂಟೆಯಷ್ಟು ಸೋಡಿಯಂ ತುಂಬಿದರು. ಅದರ ಒಳರಚನೆಯನ್ನು ಅವರು ಹೋಲಿಸಿದ್ದು ಇಸ್ಪೀಟೆಲೆಗಳ ಮನೆಗೆ.

ಫಿನ್‌ಲ್ಯಾಂಡಿನ ಸ್ಟೋರಾ ಎನ್ಸೊ ಕಂಪನಿ ಇಂಥ ಇಂಗಾಲ ಮಾಡಲು ಕಾಗದದ ತಿರುಳು ತೆಗೆದಾಗ ಉಳಿಯುವ ಲಿಗ್ನಿನ್ ಬಳಸಹೊರಟಿತು. 2021ರಲ್ಲಿ ಸುನಿಲಾ ಗಿರಣಿಯಲ್ಲಿ ಪ್ರಾಯೋಗಿಕ ಘಟಕ, ಮರುವರ್ಷ ಸ್ವೀಡನ್ನಿನ ನಾರ್ತ್‌ವೋಲ್ಟ್ ಜೊತೆ ಒಪ್ಪಂದ. 2023ರಲ್ಲಿ ಗಿರಣಿಯ ತಿರುಳು ಉತ್ಪಾದನೆಯೇ ನಿಂತಿತು, 2025ರಲ್ಲಿ ನಾರ್ತ್‌ವೋಲ್ಟ್ ದಿವಾಳಿಯಾಯಿತು.

ಜಪಾನಿನ ಕುರಾರೆ ಕಂಪನಿ ಹಿಡಿದಿದ್ದು ತೆಂಗಿನ ಕರಟವನ್ನು.

ಕೊಬ್ಬರಿಯ ಊರು ತಿಪಟೂರಿನ ಓದುಗರಿಗೆ ಇಲ್ಲಿ ಕಿವಿ ನೆಟ್ಟಗಾಗಬಹುದು. ಆದರೆ ಕರಟವನ್ನು ಸುಟ್ಟರೆ ಅದರ ತೂಕದ ಬಹುಪಾಲು ಹೊಗೆ, ಅನಿಲವಾಗಿ ಹೋಗುತ್ತದೆ; ಉಳಿದುದರಲ್ಲಿ ಪೊಟ್ಯಾಸಿಯಂನಂಥ ಬೂದಿಯ ಅಂಶಗಳಿರುವುದರಿಂದ ಆಮ್ಲದಲ್ಲಿ ತೊಳೆಯಬೇಕು, ಆಮ್ಲಜನಕ ಸುಳಿಯದ ಕುಲುಮೆಯಲ್ಲಿ 1200ರಿಂದ 1400 ಡಿಗ್ರಿಯವರೆಗೆ ಕಾಯಿಸಬೇಕು. ನೀರು ಸೋಸುವ ಕರಟದ ಇದ್ದಿಲು ಮಾಡುವವರಿಗೆ ಈ ಕಸುಬು ಗೊತ್ತೇ ಇದೆ ಎನ್ನುವಂತೆಯೂ ಇಲ್ಲ. ಫಿಲ್ಟರಿಗೆ ಹೊರಕ್ಕೆ ಬಾಯಿ ತೆರೆದ ರಂಧ್ರಗಳು ಬೇಕು, ಬ್ಯಾಟರಿಗೆ ಮುಚ್ಚಿದ ಪೊಳ್ಳುಗಳು. ಫಿಲ್ಟರಿನ ಇದ್ದಿಲನ್ನೇ ತಂದು ತುಂಬಿದರೆ ಬ್ಯಾಟರಿಯ ದ್ರಾವಣ ಆ ರಂಧ್ರಗಳಿಗೆಲ್ಲ ನುಗ್ಗಿ ಪ್ರತಿಕ್ರಿಯಿಸುತ್ತದೆ, ಮೊದಲ ಚಾರ್ಜಿನಲ್ಲೇ ಸೋಡಿಯಂನ ದೊಡ್ಡ ಪಾಲು ಸಿಕ್ಕಿಬಿದ್ದು ಮತ್ತೆ ಕೆಲಸಕ್ಕೆ ಬರುವುದಿಲ್ಲ.