ಪರದೆಯ ಮೇಲಿನ ನಮೂನೆ

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಒಂದು ಊರುಂಟು. ಅದನ್ನು ಮನೋಳಿ ಎನ್ನುವವರಿದ್ದಾರೆ, ಮುನವಳ್ಳಿ ಎನ್ನುವವರೂ ಇದ್ದಾರೆ. ಎರಡೂ ಒಂದೇ ಎಂಬುದು ನಮಗೆ ತಿಳಿಯುತ್ತದೆ, ಗಣಕಯಂತ್ರಕ್ಕೆ ತಿಳಿಯದು. ಈ ಊರಿನ ಹೊಲವೊಂದರ ವಿವರವನ್ನು ತುಂಬಿಕೊಳ್ಳುವ ನಮೂನೆಯನ್ನು ಪರದೆಯ ಮೇಲೆ ನಾವೇ ರಚಿಸಿ ನೋಡೋಣ. ಇದು ಬರಿಯ ಆಟದ ಮಾತಲ್ಲ. 2000ದ ಸುಮಾರಿಗೆ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಕ್ಕೆ ಬಂದವು. ಇಂಥ ಕೆಲಸದಲ್ಲಿ ತಪ್ಪಿದ ಒಂದು ಅಂಕಿ ರೈತನ ನೆಲವನ್ನೇ ಕುಗ್ಗಿಸಬಲ್ಲದು.

ನಮೂನೆಯು ಮೊದಲಿಗೆ ಬರಿದಾದ ಒಂದು ಚೌಕಟ್ಟು. ಅದರ ಮೇಲಿರಿಸುವ ಬರಹದ ಪೆಟ್ಟಿಗೆ, ಪಟ್ಟಿ, ಗುಂಡಿ ಮುಂತಾದವಕ್ಕೆ ಕಂಟ್ರೋಲ್‌ಗಳೆಂದು ಹೆಸರು. ನಾವು ಅವನ್ನು ಅಂಗಗಳೆನ್ನೋಣ. 1991ರಲ್ಲಿ ಬಂದ ವಿಶುವಲ್ ಬೇಸಿಕ್ ಈ ಕೆಲಸವನ್ನು ಬಹಳ ಸುಲಭಗೊಳಿಸಿತು. ಬೇಕಾದ ಅಂಗವನ್ನು ಆರಿಸಿ, ಮೌಸಿನಿಂದ ನಮೂನೆಯ ಮೇಲೆ ಎಳೆದರಾಯಿತು. ಪ್ರತಿಯೊಂದು ಅಂಗಕ್ಕೂ ಹೆಸರು, ಅಳತೆ ಮೊದಲಾದ ಗುಣಗಳುಂಟು. ಅದನ್ನು ಒತ್ತಿದಾಗ ಅಥವಾ ಅದರಲ್ಲಿ ಬರೆದಾಗ ಏನು ನಡೆಯಬೇಕೆಂಬ ಆಜ್ಞೆಗಳನ್ನು ನಾವು ಮೊದಲೇ ಬರೆದಿಡುತ್ತೇವೆ. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಎಲ್ಲಿ ಯಾವ ಅಂಗ ಬೇಕೆಂಬುದನ್ನು ಅರಿಯುವುದೇ ಕಷ್ಟ.

ಊರಿನ ಹೆಸರಿಗೆ ಬರಹದ ಪೆಟ್ಟಿಗೆಯನ್ನಿಟ್ಟರೆ ಒಬ್ಬರು ಮನೋಳಿ ಎಂದೂ ಇನ್ನೊಬ್ಬರು ಮುನವಳ್ಳಿ ಎಂದೂ ಬರೆದು, ಒಂದೂರು ಎರಡಾಗುವುದು. ಅದೂ ಸಾಲದೆಂಬಂತೆ, ‘ನೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ಗಣಕಕ್ಕೆ ಬೇರೆ ಬೇರೆ. ಆದುದರಿಂದ ಇಲ್ಲಿ ಬರೆಯಗೊಡದೆ, ಆರಿಸಲು ಮಾತ್ರ ಬಿಡುವ ಪಟ್ಟಿಯೇ ತಕ್ಕದ್ದು. ಆ ಪಟ್ಟಿಯು ಆರಂಭದಲ್ಲಿ ಖಾಲಿಯಾಗಿ ತೋರಬೇಕು. ಮೊದಲ ಊರು ತಾನೇ ಆಯ್ಕೆಯಾಗಿ ಕುಳಿತಿದ್ದರೆ, ಅವಸರದಲ್ಲಿ ಎಲ್ಲರ ಹೊಲವೂ ಅದೇ ಊರಿಗೆ ಸೇರೀತು!

ವಿಸ್ತೀರ್ಣದ ವಿಷಯ ಇನ್ನೂ ಸೂಕ್ಷ್ಮ. ಎಕರೆಗೆ 40 ಗುಂಟೆ. 2 ಎಕರೆ 38 ಗುಂಟೆಯನ್ನು ಒಂದೇ ಪೆಟ್ಟಿಗೆಯಲ್ಲಿ 2.38 ಎಂದು ಬರೆದರೆ ಗಣಕವು ಅದನ್ನು ದಶಮಾಂಶವೆಂದು ತಿಳಿಯುತ್ತದೆ. 0.38 ಎಕರೆ ಎಂದರೆ 15 ಗುಂಟೆಗಿಂತ ತುಸು ಹೆಚ್ಚು, ಅಷ್ಟೆ. ಅರ್ಧ ಎಕರೆಗೂ ಮಿಕ್ಕ ನೆಲ ಒಂದು ಚುಕ್ಕಿಯಲ್ಲಿ ಕರಗಿತು! ಕೂಡುವಾಗಲೂ ಹಾಗೆಯೇ. 1 ಎಕರೆ 25 ಗುಂಟೆಗೆ 1 ಎಕರೆ 30 ಗುಂಟೆ ಸೇರಿದರೆ 3 ಎಕರೆ 15 ಗುಂಟೆ. ದಶಮಾಂಶದ ಲೆಕ್ಕದಲ್ಲಿ ಅದು 2.55. ಆದ್ದರಿಂದ ಎಕರೆಗೊಂದು, ಗುಂಟೆಗೊಂದು ಸಂಖ್ಯಾಪೆಟ್ಟಿಗೆಯನ್ನಿಟ್ಟು, ಗುಂಟೆಯ ಮಿತಿಯನ್ನು 0ಯಿಂದ 39ಕ್ಕೆ ಬಿಗಿಯುತ್ತೇವೆ. ಆಣೆಯವರೆಗೂ ಲೆಕ್ಕ ಬೇಕಾದರೆ 15ಕ್ಕೆ ನಿಲ್ಲುವ ಮೂರನೆಯದೊಂದು. ಆದರೂ 28ರ ಬದಲು 29 ಬರೆದರೆ ಯಾವ ಅಂಗವೂ ತಡೆಯಲಾರದು. ಅದಕ್ಕೆ ಮೂಲ ಕಾಗದದೊಡನೆ ತಾಳೆ ನೋಡುವ ಎರಡನೆಯ ಕಣ್ಣೇ ಬೇಕು.

ಕೊನೆಗೆ, ಹೊಸಬರು ಮರೆಯುವ ಒಂದು ಸಂಗತಿ. ಟ್ಯಾಬ್ ಕೀಲಿಯನ್ನು ಒತ್ತಿದಾಗ ಬರಹದ ಗುರುತು ಅಂಗದಿಂದ ಅಂಗಕ್ಕೆ ಸಾಗುವುದಷ್ಟೆ. ನಾವು ಬದಲಿಸದಿದ್ದರೆ, ಆ ಸರದಿಯು ಸಾಮಾನ್ಯವಾಗಿ ಅಂಗಗಳನ್ನು ಸೇರಿಸಿದ ಕ್ರಮವೇ ಹೊರತು ಅವು ಪರದೆಯ ಮೇಲೆ ಕಾಣುವ ಕ್ರಮವಲ್ಲ. ಗುಂಟೆಯ ಪೆಟ್ಟಿಗೆಯನ್ನು ನೆನಪಾದ ಮೇಲೆ ಸೇರಿಸಿದ್ದರೆ, ಗುರುತು ಎಕರೆಯಿಂದ ನೇರವಾಗಿ ಕಂದಾಯದ ಪೆಟ್ಟಿಗೆಗೆ ಜಿಗಿಯುತ್ತದೆ. ಬೆರಳಚ್ಚು ಮಾಡುವವರ ಕಣ್ಣು ಪಹಣಿಯ ಮೇಲಿರುತ್ತದೆ, ಪರದೆಯ ಮೇಲಲ್ಲ. 38 ಗುಂಟೆ ಹೋಗಿ 38 ರೂಪಾಯಿ ಕಂದಾಯವಾಗುತ್ತದೆ.