ತಕ್ಕಡಿಯ ಮುಳ್ಳು ನಿಂತಾಗ

ಮಧುಗಿರಿಯ ಕೋಟೆಬೆಟ್ಟದ ಬುಡದ ಯಾವುದೋ ಬೀದಿಯ ಗೃಹಿಣಿಯೊಬ್ಬಳನ್ನು ಓದುಗರು ಕಲ್ಪಿಸಿಕೊಳ್ಳಲಿ. ವಯಸ್ಸು 45ರ ಆಸುಪಾಸು. ತೂಕ 78 ಕಿಲೋಗ್ರಾಂ. ಮಂಡಿನೋವು ಬಿಡದು, ರಕ್ತದಲ್ಲಿನ ಸಕ್ಕರೆ ಮೇರೆ ಮೀರುವ ಸೂಚನೆ ತೋರಿದೆ. ಹತ್ತು ಕಿಲೋ ಇಳಿದರೆ ಸದ್ಯಕ್ಕೆ ಔಷಧಿಯ ಹಂಗು ಬೇಕಾಗಲಿಕ್ಕಿಲ್ಲವೆಂದು ವೈದ್ಯರು ಹೇಳಿದ್ದಾರೆ. ಆಕೆ ಹಟ ತೊಟ್ಟಳು. ಎರಡು ಮುದ್ದೆ ಒಂದಾಯಿತು, ಸಂಜೆಯ ಬೋಂಡ ನಿಂತಿತು, ಬೆಳಗಿನ ನಡಿಗೆ ಮೊದಲಾಯಿತು. ಆರು ತಿಂಗಳಲ್ಲಿ ತೂಕ 70ಕ್ಕೆ ಇಳಿಯಿತು. ನೆರೆಹೊರೆಯವರು ಮೆಚ್ಚಿದರು, ರವಿಕೆಗಳು ಸಡಿಲವಾದವು.

ಅಲ್ಲಿಗೆ ಮುಳ್ಳು ನಿಂತುಬಿಟ್ಟಿತು. ಒಂದು ವಾರವಲ್ಲ, ಎರಡು ವಾರವಲ್ಲ. ಎರಡು ತಿಂಗಳು ಕಳೆದರೂ ಅದೇ 70. ಅತ್ತೆಗೆ ಸೊಸೆಯ ಮುಖ ನೋಡಿ ಕನಿಕರ. "ನಿನ್ನ ಮೈಕಟ್ಟೇ ಅಂಥಾದ್ದು ಕಣಮ್ಮ, ಸುಮ್ಮನೆ ಹೊಟ್ಟೆ ತುಂಬ ಉಣ್ಣು" ಎನ್ನುತ್ತಾಳೆ. ಸೊಸೆಗೂ ಹಾಗೆಯೇ ಅನ್ನಿಸತೊಡಗಿದೆ. ತೂಕ ಇಳಿಸಹೊರಟವರಲ್ಲಿ ಹಲವರು ಸೋತು ಹಿಂದಿರುಗುವುದು ಮೊದಲ ತಿಂಗಳಿನಲ್ಲಲ್ಲ, ಈ ತಿರುವಿನಲ್ಲಿ. ಆಂಗ್ಲ ವೈದ್ಯಗ್ರಂಥಗಳು ಈ ಸ್ಥಿತಿಗೆ ಪ್ರಸ್ಥಭೂಮಿಯ ಹೆಸರನ್ನಿಟ್ಟಿವೆ.

ದೇಹ ಹೀಗೇಕೆ ಮುಷ್ಕರ ಹೂಡುತ್ತದೆ? ಬರವನ್ನು ಕಂಡ ಸೀಮೆಗೆ ಇದರ ಉತ್ತರ ತೀರ ಅಪರಿಚಿತವಲ್ಲ. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುತ್ತಿದ್ದ 1876–78ರ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಎಷ್ಟು ಹಿಂಡಿತೆಂದರೆ, 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದಷ್ಟಕ್ಕೆ ಕುಸಿದಿತ್ತು. ಅನ್ನ ಕಡಮೆಯಾದಾಗ ಖರ್ಚನ್ನೂ ಕಡಮೆ ಮಾಡಿ ಜೀವವನ್ನು ಉಳಿಸಿಕೊಳ್ಳುವುದು ಶರೀರದ ಹಳೆಯ ವಿದ್ಯೆ. ಆ ಊಟ ಬರದಿಂದ ಕಡಮೆಯಾಯಿತೋ ವೈದ್ಯರ ಮಾತಿನಿಂದ ಕಡಮೆಯಾಯಿತೋ ಎಂಬ ವಿವೇಚನೆ ಅದಕ್ಕಿಲ್ಲ.

ಈ ವಿದ್ಯೆಯನ್ನು ಅಳೆದು ನೋಡಿದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು. ಎರಡನೆಯ ಮಹಾಯುದ್ಧದ ಕಡೆಯ ದಿನಗಳಲ್ಲಿ, ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದ 36 ಮಂದಿ ತರುಣರು ಸ್ವಇಚ್ಛೆಯಿಂದ ಈ ಪ್ರಯೋಗಕ್ಕೆ ಮೈಯೊಡ್ಡಿದರು. 24 ವಾರ ಅರೆಹೊಟ್ಟೆ. ತೂಕ ಕಾಲುಭಾಗದಷ್ಟು ಇಳಿಯಿತು. ಆದರೆ ವಿಶ್ರಾಂತಿಯಲ್ಲಿ ದೇಹವು ಉರಿಸುವ ಶಕ್ತಿ ಅದಕ್ಕಿಂತ ಹೆಚ್ಚಾಗಿ, ಸುಮಾರು ನೂರಕ್ಕೆ 40ರಷ್ಟು ಕುಗ್ಗಿತು. ಅವರಿಗೆ ಹಗಲಿರುಳು ಊಟದ್ದೇ ಧ್ಯಾನ. ಅಡಿಗೆಯ ಪುಸ್ತಕಗಳನ್ನು ಓದುತ್ತ ಕುಳಿತವರೂ ಉಂಟು.

ಗೃಹಿಣಿಯ ಪಾಡು ಅಷ್ಟು ಘೋರವಾದುದಲ್ಲ. ಆದರೂ ಲೆಕ್ಕದ ಜಾಡು ಒಂದೇ. ಅಮೆರಿಕದ ಕೆವಿನ್ ಹಾಲ್ ಮತ್ತಿತರ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಇಳಿದ ಒಂದೊಂದು ಕಿಲೋವಿಗೂ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿಯಷ್ಟು ತಗ್ಗುತ್ತದೆ. ಹಸಿವಾದರೋ ಕಿಲೋವಿಗೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ! ತೂಕ ನಿಲ್ಲುವ ಗುಟ್ಟು ಈ ಎರಡನೆಯ ಅಂಕಿಯಲ್ಲಿಯೇ ಹೆಚ್ಚಾಗಿ ಅಡಗಿದೆ. 78 ಕಿಲೋ ಇದ್ದಾಗ ಆಕೆಯ ಖರ್ಚು ದಿನಕ್ಕೆ 1,950 ಕ್ಯಾಲೊರಿ, ಊಟ 1,500 ಎಂದಿರಲಿ. ಕೊರತೆ 450, ಆದುದರಿಂದ ಇಳಿದಳು. ಎಂಟು ಕಿಲೋ ಕರಗಿದ ಮೇಲೆ ಖರ್ಚೇ 1,750ರ ಸಮೀಪಕ್ಕೆ ಬಂತು. ಇನ್ನೂ 250ರ ಕೊರತೆ ಉಳಿಯಬೇಕಲ್ಲವೆ? ಉಳಿಯಬೇಕು, ಹಸಿವು ಅದನ್ನು ಸದ್ದಿಲ್ಲದೆ ತುಂಬಿಬಿಟ್ಟಿದೆ.

ಇದು ಕಪಟವಲ್ಲ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು "ಎಷ್ಟು ಕಡಮೆ ಉಂಡರೂ ಇಳಿಯೆವು" ಎನ್ನುವವರನ್ನು ಪರೀಕ್ಷಿಸಿದಾಗ, ಅವರು ಉಂಡುದರಲ್ಲಿ ಹೆಚ್ಚುಕಡಮೆ ಅರ್ಧವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಮ್ಮ ಶ್ರಮವನ್ನಾದರೋ ಒಂದೂವರೆಪಟ್ಟು ಎಣಿಸಿದ್ದರು. ದೇಹದ ಉರಿತವನ್ನು ಅಳೆದರೆ ಅದರಲ್ಲಿ ಯಾವ ವಿಚಿತ್ರವೂ ಇರಲಿಲ್ಲ. ಕಣ್ಣಳತೆಯೇ ಹಸಿವಿನ ಪಕ್ಷ ವಹಿಸಿತ್ತು.

ಮಧುಗಿರಿ, ಸಿರಾ, ಪಾವಗಡಗಳ ಅಡಿಗೆಮನೆಯಲ್ಲಿ ಈ ಸೋರಿಕೆ ಎಲ್ಲಿ? ಜನ ಥಟ್ಟನೆ ಬೆರಳು ತೋರುವುದು ಮುದ್ದೆಯ ಕಡೆಗೆ. ಮುದ್ದೆಯನ್ನು ಬಿಟ್ಟು ಚಪಾತಿಗೆ ಶರಣಾದವರಿಗೆ ಲೆಕ್ಕವಿಲ್ಲ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ಸುಮಾರು 320 ಕ್ಯಾಲೊರಿ. ಗೋಧಿ ಹಿಟ್ಟಿನಲ್ಲಿಯೂ ಸುಮಾರು ಅಷ್ಟೆ. ಮುದ್ದೆಗೆ ಬೇಕಾದುದು ನೀರು, ಚಪಾತಿಗೆ ಎಣ್ಣೆ. ಹಾಗಿರುವಾಗ ಈ ವಿನಿಮಯದಿಂದ ಬಂದ ಲಾಭವೇನೋ ತಿಳಿಯದು. ಸುಣ್ಣದಂಶದಲ್ಲಿ ಶ್ರೀಮಂತವಾದ ಧಾನ್ಯವೊಂದು ತಟ್ಟೆಯಿಂದ ಹೊರಟುಹೋದುದು ಮಾತ್ರ ನಿಜ.

ನಿಜವಾದ ಸೋರಿಕೆ ಈ ಸೀಮೆಯ ಹೆಮ್ಮೆಯ ಬೆಳೆಯಾದ ಕಡಲೆಕಾಯಿಯಲ್ಲಿದೆ. ಎಣ್ಣೆ ಯಾವುದಾದರೂ ಆಗಲಿ, ಗ್ರಾಮಿಗೆ 9 ಕ್ಯಾಲೊರಿ. ಒಗ್ಗರಣೆಗೆ ಬಗ್ಗಿಸುವಾಗ ಕೈ ತುಸು ಸಡಿಲವಾದರೆ ಒಂದು ದೊಡ್ಡ ಚಮಚೆ ಹೆಚ್ಚಾಗುತ್ತದೆ: ಅಲ್ಲಿಗೆ 120. ಮಗುವಿಗೆಂದು ಹುರಿದ ಕಡಲೆಬೀಜದಲ್ಲಿ ಒಂದು ಹಿಡಿ, ಅಂದರೆ 25 ಗ್ರಾಂ, ಬಾಯಿಗೆ ಬಿದ್ದರೆ ಸುಮಾರು 130. ಕಾಣೆಯಾಗಿದ್ದ 250 ಇಲ್ಲಿಯೇ ಸಿಕ್ಕಿತು. ಅತ್ತೆಯ ಒತ್ತಾಯಕ್ಕೆ ಕುಡಿದ ಎರಡನೆಯ ಕಾಫಿಯ ಸಕ್ಕರೆಯನ್ನು ಇನ್ನೂ ಸೇರಿಸಿಲ್ಲ. ಒಲೆಯ ಮುಂದೆ ಲೆಕ್ಕವಿಡುವುದು ಕಷ್ಟವೆನ್ನುವವರಿಗೆ ಒಂದು ಸುಲಭೋಪಾಯವುಂಟು: ತಿಂಗಳಿಗೆ ಮನೆಗೆ ಬಂದ ಎಣ್ಣೆಯನ್ನು ತಲೆಗೆ ಹಂಚಿ ನೋಡುವುದು. ನಾಲ್ವರ ಸಂಸಾರಕ್ಕೆ ನಾಲ್ಕು ಲೀಟರ್ ಎಂದರೆ ತಲೆಗೆ ದಿನಕ್ಕೆ 30 ಗ್ರಾಂ. ಅಂದರೆ 270 ಕ್ಯಾಲೊರಿ ಎಣ್ಣೆಯೊಂದರಿಂದಲೇ!

ಮುಳ್ಳು ನಿಂತಾಕ್ಷಣ ಗಾಬರಿಯಾಗಿ ರಾತ್ರಿಯೂಟವನ್ನೇ ಬಿಡುವುದು ಸಾಮಾನ್ಯವಾದ ತಪ್ಪು. ಉಪ್ಪಿನಕಾಯಿ ಹೆಚ್ಚು ತಿಂದ ಮರುದಿನ, ಮುಟ್ಟಿನ ಮುನ್ನಾದಿನಗಳಲ್ಲಿ, ದೇಹ ನೀರನ್ನು ಹಿಡಿದುಕೊಂಡು ಒಂದೆರಡು ಕಿಲೋ ಭಾರವಾಗುವುದುಂಟು. ಕೊಬ್ಬು ಕರಗುತ್ತಿದ್ದರೂ ತಕ್ಕಡಿಗೆ ಕಾಣದು. ಒಂದೇ ಹೊತ್ತಿನಲ್ಲಿ, ಒಂದೇ ತಕ್ಕಡಿಯಲ್ಲಿ, ನಾಲ್ಕು ವಾರ ನೋಡಿದರೂ ಕದಲದಿದ್ದರೆ ಆಗ ಅದು ನಿಂತಿದೆ ಎನ್ನಬಹುದು. ಆಗಲೂ ಮೊದಲ ಕೆಲಸ ಕಡಿತವಲ್ಲ, ಅಳತೆ. ಹತ್ತು ದಿನ ಎಣ್ಣೆಯನ್ನು ಚಮಚೆಯಿಂದಲೂ ಹಿಟ್ಟನ್ನು ತಕ್ಕಡಿಯಿಂದಲೂ ಅಳೆದು ಬರೆದಿಟ್ಟರೆ, ಕಡಿತ ಎಲ್ಲಿ ಆಗಬೇಕೆಂಬುದು ತಾನಾಗಿ ಗೋಚರಿಸುತ್ತದೆ.

ಕಡಿತ ಸಣ್ಣದಾಗಿರಲಿ, ಇಲ್ಲವಾದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗಿ, ಖರ್ಚು ಇನ್ನಷ್ಟು ತಗ್ಗಿ, ಆಕೆ ಮತ್ತೆ ಇದೇ ಜಾಗಕ್ಕೆ ಬಂದು ನಿಲ್ಲುವಳು. ಮಾಂಸಖಂಡವನ್ನು ಕಾಯುವುದಕ್ಕೆ ಸಸಾರಜನಕ ಬೇಕು; ಹುರುಳಿ, ಅವರೆ, ಅಲಸಂದೆ, ಮೊಟ್ಟೆ ಇವು ದೂರದ ಪದಾರ್ಥಗಳಲ್ಲ. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯವೆಲ್ಲ ಗಂಡಸರ ತಟ್ಟೆಗೆ ಹೋಗಿ ಹೆಂಗಸರಿಗೆ ಬಸಿದ ಕಟ್ಟಿನ ಸಾರಷ್ಟೇ ಉಳಿಯುವ ಮನೆಗಳಲ್ಲಿ, ಸತ್ತ್ವವಿರುವುದು ಹೆಚ್ಚಾಗಿ ಕಾಳಿನಲ್ಲಿ ಎಂಬುದನ್ನು ನೆನೆಯಬೇಕು. ಭಾರ ಎತ್ತುವ ಕೆಲಸ, ಏರು ಹತ್ತುವ ನಡಿಗೆ ಇದಕ್ಕೆ ಒತ್ತಾಸೆ. 3,930 ಅಡಿಯ ಏಕಶಿಲೆಯನ್ನೇ ಏರಬೇಕಾಗಿಲ್ಲ. ನೋಯುವ ಮಂಡಿಗೆ ಅದರ ಕಡಿದಾದ ಬಂಡೆ ತಕ್ಕುದೂ ಅಲ್ಲ.

ಎರಡು ವಾರ ಮಿತಾಹಾರ, ಎರಡು ವಾರ ತೂಕ ಏರದಷ್ಟು ಊಟ ಎಂದು ಸರದಿ ಹಾಕಿದವರು ಹೆಚ್ಚು ಇಳಿದರೆಂದು ಆಸ್ಟ್ರೇಲಿಯದ ಪ್ರಯೋಗವೊಂದು 2017ರಲ್ಲಿ ವರದಿ ಮಾಡಿತು. ಅನಂತರದ ಪ್ರಯೋಗಗಳೆಲ್ಲ ಅದನ್ನು ಸಮರ್ಥಿಸಲಿಲ್ಲ. ಆದರೂ ಜಾತ್ರೆ, ಯುಗಾದಿಯ ಒಬ್ಬಟ್ಟಿನ ದಿನಗಳಲ್ಲಿ ಇಳಿಯುವ ಹಟ ಬಿಟ್ಟು, ಏರದಿದ್ದರೆ ಸಾಕೆಂದು ನಡೆದುಕೊಳ್ಳುವುದರಿಂದ ಕೇಡಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಮುಂತಾದ ಔಷಧ ಪಡೆಯುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮಾತ್ರ ವೈದ್ಯರನ್ನು ಕೇಳದೆ ಊಟವನ್ನು ತಗ್ಗಿಸತಕ್ಕದ್ದಲ್ಲ. ತೂಕದೊಡನೆ ಬಳಲಿಕೆ, ಚಳಿ, ಮಲಬದ್ಧತೆ ಕಾಣಿಸಿಕೊಂಡರೆ ಥೈರಾಯ್ಡ್ ಗ್ರಂಥಿಯ ಪರೀಕ್ಷೆಯೂ ಅಗತ್ಯ.

ಇನ್ನು ಆ ಗೃಹಿಣಿಯ ಲೆಕ್ಕ. ಸೋರಿಹೋದ 250 ಕ್ಯಾಲೊರಿಯೆಲ್ಲವನ್ನೂ ಆಕೆ ಮರಳಿ ಹಿಡಿಯಬೇಕಾಗಿಲ್ಲ. ಹಾಲ್ ಅವರ ತಂಡವೇ 2011ರಲ್ಲಿ ಮುಂದಿಟ್ಟ ಗಣಿತದಂತೆ, ದಿನಕ್ಕೆ 100 ಕ್ಯಾಲೊರಿಯನ್ನು ಖಾಯಂ ಆಗಿ ತಗ್ಗಿಸಿದರೆ ಕೊನೆಗೆ ನಾಲ್ಕು ಕಿಲೋವಿಗೂ ಮಿಕ್ಕಿ ಇಳಿಯುತ್ತದೆ. ಆದರೆ ನಿಧಾನವಾಗಿ, ಅರ್ಧ ಮೊದಲ ವರ್ಷದಲ್ಲಿ, ಉಳಿದುದರ ಬಹುಭಾಗ ಮುಂದಿನೆರಡು ವರ್ಷಗಳಲ್ಲಿ. ಒಗ್ಗರಣೆಯಿಂದ ಒಂದು ಚಮಚೆ ಎಣ್ಣೆ ಇಳಿದರೆ ಆ 100 ಸಂದಿತು. ಒಂದು ಮುದ್ದೆ ಹಾಗೆಯೇ ಇರಲಿ, ಅತ್ತೆಯ ಕಾಫಿಯೂ ಇರಲಿ. ಮುಂದಿನ ವರ್ಷ ಈ ಹೊತ್ತಿಗೆ ತಕ್ಕಡಿ 68ರ ಹತ್ತಿರ ಬರಬೇಕು. ವೈದ್ಯರು ಕೇಳಿದ್ದೂ ಅಷ್ಟೇ.