ಎರಡು ಕೈಗಡಿಯಾರಗಳು

ಕೈಗಡಿಯಾರವನ್ನು ಕೊಳ್ಳುವವರು ಸಾಮಾನ್ಯವಾಗಿ ಅದರ ಅಂದವನ್ನೂ ಬೆಲೆಯನ್ನೂ ನೋಡುತ್ತಾರೆ. ಅದು ಯಾವ ಕೆಲಸಕ್ಕೆ ಬೇಕೆಂದು ಯೋಚಿಸುವವರು ವಿರಳ. ನಮ್ಮ ಮನೆಯಲ್ಲಿ ಎರಡು ಕೈಗಡಿಯಾರಗಳಿವೆ. ಒಂದು, ಅಜ್ಜನವರಿಂದ ಬಂದ ಎಚ್.ಎಂ.ಟಿ. ‘ಜನತಾ’, ಇನ್ನೊಂದು, ಜಪಾನಿನ ಕ್ಯಾಸಿಯೊ ಸಂಸ್ಥೆಯ ‘ಎಫ್-91ಡಬ್ಲ್ಯೂ’. ನಿತ್ಯದ ಬಳಕೆಗೆ ಯಾವುದು ತಕ್ಕದ್ದು, ಪ್ರಯಾಣಕ್ಕೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಜನತಾ ನಮ್ಮ ನಾಡಿನ ಕೂಸು. 1961ರಲ್ಲಿ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. 2016ರಲ್ಲಿ ಕೇಂದ್ರ ಸರಕಾರವು ಆ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು ನಿರ್ಧರಿಸಿತಾದರೂ, ಹಳೆಯ ಗಡಿಯಾರಗಳು ಅನೇಕ ಮನೆಗಳಲ್ಲಿ ಇನ್ನೂ ನಡೆಯುತ್ತಿವೆ.

ಒಳಗಿನ ಉಕ್ಕಿನ ಸುರುಳಿಯೇ ಜನತಾದ ಜೀವಾಳ. ನಾವು ಕೀಲಿ ಕೊಟ್ಟಾಗ ಬಿಗಿದ ಸುರುಳಿಯು ಮೆಲ್ಲನೆ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಅತ್ತಿತ್ತ ಹೊಯ್ದಾಡುವ ಪುಟ್ಟ ಚಕ್ರವೊಂದು ಆ ವೇಗವನ್ನು ಹಿಡಿತದಲ್ಲಿಡುತ್ತದೆ. ಸೆಕೆಂಡಿಗೆ 5 ಬಡಿತ. ಎಂದರೆ ದಿನಕ್ಕೆ 4,32,000! ತಿಕ್ಕಾಟದಿಂದ ಸವೆಯದಂತೆ ಕೃತಕ ಮಾಣಿಕ್ಯದ 17 ಹರಳುಗಳನ್ನು ಕೂರಿಸಿರುತ್ತಾರೆ.

1989ರಲ್ಲಿ ಬಂದ ಕ್ಯಾಸಿಯೊದಲ್ಲಿ ಸುರುಳಿಯೂ ಇಲ್ಲ, ಮುಳ್ಳುಗಳೂ ಇಲ್ಲ. ಬ್ಯಾಟರಿಯ ವಿದ್ಯುತ್ತಿನಿಂದ ಕ್ವಾರ್ಟ್ಝ್ ಎಂಬ ಸ್ಫಟಿಕದ ಚೂರೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಬಾರಿ ಅರ್ಧ ಮಾಡಿ ನೋಡಿರಿ. ಕೊನೆಗೆ 1 ಉಳಿಯುತ್ತದೆ. ಹೀಗೆಯೇ ಅದು ಒಂದೊಂದು ಸೆಕೆಂಡನ್ನು ಎಣಿಸುತ್ತದೆ. ನಮ್ಮ ಜನತಾ ದಿನಕ್ಕೆ ಸುಮಾರು ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಕ್ಯಾಸಿಯೊ ಅಷ್ಟು ತಪ್ಪಲು ಒಂದು ತಿಂಗಳು ಬೇಕು.

ಒಮ್ಮೆ ರಜೆಯಲ್ಲಿ ಊರಿಗೆ ಹೊರಟಾಗ ಗಡಿಬಿಡಿಯಲ್ಲಿ ಜನತಾಕ್ಕೆ ಕೀಲಿ ಕೊಡಲು ಮರೆತೆವು. ರಾತ್ರಿ ರೈಲಿನಲ್ಲಿ ಅದು ಮೂರೂಕಾಲಕ್ಕೆ ನಿಂತುಹೋಗಿತ್ತು. ಇನ್ನೂ ಹೊತ್ತಿದೆಯೆಂದು ಮತ್ತೆ ಮಲಗಿದೆವು. ಕಲಬುರಗಿಯಲ್ಲಿ ಇಳಿಯಬೇಕಾದವರು ವಾಡಿಯಲ್ಲಿ ಇಳಿದೆವು! ನಿಲ್ದಾಣದಲ್ಲಿ ನಮಗಾಗಿ ಕಾದಿದ್ದ ಅಜ್ಜಿಯ ಆತಂಕವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಕ್ಯಾಸಿಯೊ ಇದ್ದಿದ್ದರೆ ಅದರ ಅಲಾರಂ ಎಚ್ಚರಿಸುತ್ತಿತ್ತು. ರೈಲ್ವೆ ವೇಳಾಪಟ್ಟಿಯಂತೆ 24 ಗಂಟೆಯ ಲೆಕ್ಕವನ್ನೂ ಅದು ತೋರಿಸಬಲ್ಲದು. ಮಳೆಯ ಹನಿಗೆ ಹೆದರದು. ತೂಕ ಕೇವಲ 21 ಗ್ರಾಂ.

ಹಾಗೆಂದು ಅದು ನಿರ್ದೋಷಿಯಲ್ಲ. ಅದರ ಅಲಾರಮ್ಮಿನ ಸದ್ದು ಸಣ್ಣದು; ಗಾಢನಿದ್ರೆಯವರು ಅದನ್ನು ಕಿವಿಯ ಬಳಿಯೇ ಇಟ್ಟುಕೊಳ್ಳಬೇಕು. ಬ್ಯಾಟರಿ ಸುಮಾರು 7 ವರ್ಷ ಬಾಳುವುದಾದರೂ, ಮುಗಿದಾಗ ಅಂಗಡಿಯನ್ನು ಹುಡುಕಲೇಬೇಕು. ಜನತಾಕ್ಕೆ ಬೇಕಾದುದು ನಮ್ಮ ಎರಡು ಬೆರಳುಗಳು ಮಾತ್ರ.

ಆದುದರಿಂದ ಪ್ರಯಾಣಕ್ಕೆ ಕ್ಯಾಸಿಯೊ, ಶಾಲೆಗೆ ಜನತಾ ಎಂದು ನಾವು ನಿಶ್ಚಯಿಸಿದ್ದೇವೆ. ದಿನವೂ ಬೆಳಿಗ್ಗೆ ಕೀಲಿ ಕೊಟ್ಟು, ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಮುಳ್ಳನ್ನು ಸರಿಪಡಿಸುತ್ತೇವೆ. ಗಡಿಯಾರ ಎಷ್ಟೇ ಒಳ್ಳೆಯದಿರಲಿ, ಅದನ್ನು ಕಟ್ಟಿಕೊಂಡವರಿಗೂ ಎಚ್ಚರವಿರಬೇಕು. ಈ ಪಾಠವನ್ನು ನಾವು ವಾಡಿಯ ನಿಲ್ದಾಣದಲ್ಲಿ ಕಲಿತೆವು.